ಎರಡು ಮೊಳ, 42 ವರ್ಷ

ತುಂಬದಲ್ಲಿ ಸೋಲಿಗೂ ಒಂದು ಕಡತವಿರುತ್ತದೆ. 1963ರ ನವೆಂಬರ್ 21ರಂದು ಈ ಮೀನುಗಾರರ ಹಳ್ಳಿಯ ಕಡಲಂಚಿನಿಂದ ಮೊದಲ ರಾಕೆಟ್ ಮೇಲೇರಿದ ಕಥೆಯನ್ನು ಇಲ್ಲಿಯವರು ಎಷ್ಟು ಸಲೀಸಾಗಿ ಹೇಳುತ್ತಾರೋ, ಇಲ್ಲಿ ರೂಪು ತಳೆದ ಎಸ್‌ಎಲ್‌ವಿ-3 ವಾಹನ 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿ ಬಂಗಾಳ ಕೊಲ್ಲಿಯ ಪಾಲಾದ ಕಥೆಯನ್ನೂ ಅಷ್ಟೇ ಸಲೀಸಾಗಿ ಹೇಳುತ್ತಾರೆ. ಎಲ್ಲಿ ಸೋರಿತು, ಯಾವ ಹಂತ ಹತೋಟಿ ತಪ್ಪಿತು ಎಂಬುದನ್ನೆಲ್ಲ ಬಲ್ಲವರು ಕೂತು ಬರೆದಿಟ್ಟರು. 1980ರ ಜುಲೈ 18ರಂದು ಅದೇ ಮಾದರಿಯ ವಾಹನ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ನಡುವಿನ ಹನ್ನೊಂದು ತಿಂಗಳು ಬರಿದೇ ಕಳೆದ ಕಾಲವಲ್ಲ, ಅದೂ ಇತಿಹಾಸವೇ ಎಂದು ಈ ಊರು ಒಪ್ಪಿಕೊಂಡಿದೆ.

ಕ್ರೀಡೆಯ ಇತಿಹಾಸ ಈ ವಿಷಯದಲ್ಲಿ ಬಹಳ ಜಿಪುಣ. ಫಲಿತಾಂಶದ ಪಟ್ಟಿಯಲ್ಲಿ ಓಡಿ ಮುಗಿಸಿದವನ ಹೆಸರಿನ ಮುಂದೆ ನಿಮಿಷ, ಸೆಕೆಂಡು, ಸೆಕೆಂಡಿನ ನೂರನೆಯ ಭಾಗ ಎಲ್ಲವೂ ಇರುತ್ತವೆ. ನಡುವೆ ನಿಂತುಬಿಟ್ಟವನ ಮುಂದೆ ಡಿಎನ್‌ಎಫ್ ಎಂಬ ಮೂರಕ್ಷರ. ಆರಂಭದ ಗೆರೆಗೇ ಬಾರದವನ ಮುಂದೆ ಡಿಎನ್‌ಎಸ್. ಗಾಯಗೊಂಡು ಹೆಸರನ್ನೇ ನೋಂದಾಯಿಸಲಾಗದೆ ಮನೆಯಲ್ಲುಳಿದವನಿಗೆ ಆ ಮೂರಕ್ಷರವೂ ಇಲ್ಲ. ಎರಡು ಸಾಧನೆಗಳ ನಡುವಿನ ಈ ಖಾಲಿ ಜಾಗದಲ್ಲಿ ಓಟಗಾರನೊಬ್ಬ ಏನು ಮಾಡುತ್ತಾನೆ? ತನ್ನ ಕಾಲನ್ನೇ ನಂಬಲಾಗದ ದಿನಗಳಲ್ಲಿ ಯಾವುದನ್ನು ನಂಬಿ ಅಭ್ಯಾಸಕ್ಕೆ ಇಳಿಯುತ್ತಾನೆ? ಈ ಪ್ರಶ್ನೆಗಳನ್ನು ಹಿಡಿದು ಭಾರತದ ಮಧ್ಯಮ ದೂರದ ಓಟದ ಒಂದು ಎಳೆಯನ್ನು ಬಿಡಿಸಿ ನೋಡುವುದು ಈ ಬರಹದ ಉದ್ದೇಶ. ಆ ಎಳೆಯ ಕೇಂದ್ರದಲ್ಲಿರುವವರು ನಾನೀಗ ನೆಲೆಸಿರುವ ಕೇರಳದ ಓಟಗಾರ ಜಿನ್ಸನ್ ಜಾನ್ಸನ್. ಆದರೆ ಕಥೆ ಆರಂಭವಾಗುವುದು ಅವರು ಹುಟ್ಟುವುದಕ್ಕೆ ಹದಿನೈದು ವರ್ಷ ಮೊದಲು, ಕೆನಡಾದ ಮಾಂಟ್ರಿಯಲ್‌ನಲ್ಲಿ.

ಮುಂದೆ ಓಡಿದವನು

1976ರ ಜುಲೈ 25. ಒಲಿಂಪಿಕ್ಸ್‌ನ 800 ಮೀಟರ್ ಅಂತಿಮ ಓಟ. ಮೊದಲ ಸುತ್ತು ಮುಗಿದಾಗ ಎಲ್ಲರಿಗಿಂತ ಮುಂದಿದ್ದವರು ರಜಪುತಾನಾ ರೈಫಲ್ಸ್‌ನ ಯೋಧ, ರಾಜಸ್ಥಾನದ ಶ್ರೀರಾಮ್ ಸಿಂಗ್. 400 ಮೀಟರಿನ ಗೆರೆಯನ್ನು ಅವರು ದಾಟಿದ್ದು 50.85 ಸೆಕೆಂಡಿನಲ್ಲಿ. ಎರಡನೆಯ ಸುತ್ತಿನಲ್ಲಿ ಕ್ಯೂಬಾದ ಆಲ್ಬರ್ಟೊ ಹುವಾಂಟೊರೆನಾ ದಾಪುಗಾಲಿಟ್ಟು ಮುಂದೆ ಹೋದರು. 1 ನಿಮಿಷ 43.50 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಆ ದಾಖಲೆಗೆ ಬೇಕಾದ ವೇಗವನ್ನು ಮೊದಲ ಸುತ್ತಿನಲ್ಲಿ ಕಟ್ಟಿಕೊಟ್ಟವರು ಶ್ರೀರಾಮ್ ಸಿಂಗ್ ಎಂಬುದನ್ನು ಸ್ವತಃ ಹುವಾಂಟೊರೆನಾ ಒಪ್ಪಿಕೊಂಡಿದ್ದಾರೆ. ಶ್ರೀರಾಮ್ ಸಿಂಗ್ ಏಳನೆಯವರಾಗಿ ಮುಗಿಸಿದರು. ಅವರ ಕಾಲ 1 ನಿಮಿಷ 45.77 ಸೆಕೆಂಡು.

ಏಳನೆಯ ಸ್ಥಾನಕ್ಕೆ ಪದಕವಿಲ್ಲ. ಆದರೆ ಆ 45.77 ಎಂಬ ಸಂಖ್ಯೆ ಭಾರತದ ರಾಷ್ಟ್ರೀಯ ದಾಖಲೆಯಾಗಿ 42 ವರ್ಷ ಅಲುಗಾಡದೆ ನಿಂತಿತು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಾರ್ಲ್ಸ್ ಬೊರೊಮಿಯೊ 800 ಮೀಟರ್ ಚಿನ್ನ ಗೆದ್ದಾಗಲೂ ಅದು ಉಳಿಯಿತು. ಜಲ್ಲಿಪುಡಿಯ ಓಟಪಥಗಳು ಹೋಗಿ ಸಿಂಥೆಟಿಕ್ ಪಥಗಳು ಬಂದವು, ಪಾದರಕ್ಷೆ, ಆಹಾರ, ತರಬೇತಿ ಎಲ್ಲವೂ ಬದಲಾದವು, ದಾಖಲೆ ಬದಲಾಗಲಿಲ್ಲ. ಕೊನೆಗೆ 2018ರ ಜೂನ್ 27ರಂದು ಗುವಾಹಟಿಯ ಅಂತರರಾಜ್ಯ ಕೂಟದಲ್ಲಿ ಜಿನ್ಸನ್ ಜಾನ್ಸನ್ 1 ನಿಮಿಷ 45.65 ಸೆಕೆಂಡಿನಲ್ಲಿ ಓಡಿದರು. ವ್ಯತ್ಯಾಸ 0.12 ಸೆಕೆಂಡು. ಆ ವೇಗದಲ್ಲಿ ಓಡುವವನು ಅಷ್ಟು ಹೊತ್ತಿನಲ್ಲಿ ಕ್ರಮಿಸುವ ದೂರ ಸುಮಾರು 90 ಸೆಂಟಿಮೀಟರ್, ನಮ್ಮ ಹಳೆಯ ಅಳತೆಯಲ್ಲಿ ಸರಿಯಾಗಿ ಎರಡು ಮೊಳ. ಎರಡು ಮೊಳ ಮುಂದೆ ಹೋಗಲು ಒಂದು ದೇಶಕ್ಕೆ 42 ವರ್ಷ ಬೇಕಾಯಿತು.

ಈ ಲೆಕ್ಕವನ್ನು ದೇಶದ ಕ್ರೀಡಾಡಳಿತವನ್ನು ದೂರಲು ಬಳಸುವುದು ಸುಲಭ. ನಾನು ಅದನ್ನು ಬೇರೆ ಕಾರಣಕ್ಕೆ ಹೇಳುತ್ತಿದ್ದೇನೆ. ಮಧ್ಯಮ ದೂರದ ಓಟದಲ್ಲಿ ಮುನ್ನಡೆ ಎಂಬುದು ಎಷ್ಟು ಸಣ್ಣದು, ಅದಕ್ಕಾಗಿ ದೇಹವನ್ನು ಎಷ್ಟು ಅಂಚಿಗೆ ಒಯ್ಯಬೇಕು ಎಂಬುದು ಅದರಿಂದ ತಿಳಿಯುತ್ತದೆ. ನೂರು ಮೀಟರ್ ಓಟದಲ್ಲಿ ಉಸಿರಿನ ಚಿಂತೆಯಿಲ್ಲ. ಮ್ಯಾರಥಾನ್‌ನಲ್ಲಿ ಉಸಿರನ್ನು ಹಂಚಿಕೊಳ್ಳಲು ಕಾಲಾವಕಾಶವಿದೆ. 800 ಮತ್ತು 1500 ಮೀಟರ್ ಓಟಗಳಲ್ಲಿ ವೇಗದ ಓಟಗಾರನ ಸ್ನಾಯುವೂ ಬೇಕು, ದೂರದ ಓಟಗಾರನ ಶ್ವಾಸಕೋಶವೂ ಬೇಕು. ಆದ್ದರಿಂದ ಅಭ್ಯಾಸವೂ ಎರಡು ಬಗೆಯದು: ವಾರಕ್ಕೆ ಹತ್ತಾರು ಕಿಲೋಮೀಟರುಗಳ ದೀರ್ಘ ಓಟ, ಅದರ ಜೊತೆಗೆ ಮುಳ್ಳು ಷೂ ತೊಟ್ಟು ತುದಿಗಾಲಿನ ಮೇಲೆ ಓಡುವ ಬಿರುಸಿನ ಸುತ್ತುಗಳು. ಮೊದಲನೆಯದು ಮೂಳೆಯನ್ನು ದಣಿಸುತ್ತದೆ, ಎರಡನೆಯದು ಮೀನಖಂಡವನ್ನೂ ಹಿಮ್ಮಡಿಯನ್ನೂ ಎಳೆಯುತ್ತದೆ. ಈ ಓಟಗಾರರ ಬದುಕಿನಲ್ಲಿ ಗಾಯ ಎಂಬುದು ಅಪಘಾತವಲ್ಲ, ವೃತ್ತಿಯ ಖರ್ಚು.

ಕೇರಳದ ಎರಡು ಸುತ್ತು

ಎರಡು ಸುತ್ತಿನ ಈ ಓಟದ ಮೇಲೆ ಕೇರಳಕ್ಕೆ ಹಳೆಯ ಮಮತೆಯಿದೆ. ಪಿ.ಟಿ. ಉಷಾ ಅವರ ಹೆಸರು ಎಲ್ಲರಿಗೂ ಗೊತ್ತು. ಅವರ ಜೊತೆಗೇ ಬೆಳೆದ, ತೊಡುಪುಳದ ಶೈನಿ ಅಬ್ರಹಾಂ, ಮುಂದೆ ಶೈನಿ ವಿಲ್ಸನ್, 800 ಮೀಟರಿನ ಓಟಗಾರ್ತಿ. 1984ರ ಲಾಸ್ ಏಂಜಲೀಸ್‌ನಲ್ಲಿ ಒಲಿಂಪಿಕ್ಸ್ ಸೆಮಿಫೈನಲ್ ತಲುಪಿದ ಮೊದಲ ಭಾರತೀಯ ಮಹಿಳೆ. 1986ರ ಸಿಯೋಲ್ ಏಷ್ಯನ್ ಕ್ರೀಡಾಕೂಟದಲ್ಲಿ 800 ಮೀಟರನ್ನು ಎಲ್ಲರಿಗಿಂತ ಮೊದಲು ಮುಗಿಸಿಯೂ ಅವರಿಗೆ ಪದಕ ಸಿಗಲಿಲ್ಲ. ಈ ಓಟದಲ್ಲಿ ಮೊದಲ ತಿರುವು ಮುಗಿಯುವವರೆಗೆ ಓಡುವವರು ತಮ್ಮ ತಮ್ಮ ಲೇನ್ ಬಿಡುವಂತಿಲ್ಲ. ಶೈನಿ ಗೆರೆಗೆ ಮೊದಲೇ ಒಳಗೆ ಬಂದಿದ್ದರು. ಅನರ್ಹರೆಂದು ಘೋಷಣೆಯಾಯಿತು.

ಕಾಲಿಗಾದ ಗಾಯ ಕಣ್ಣಿಗೆ ಕಾಣುತ್ತದೆ, ಇಂಥ ಗಾಯ ಕಾಣುವುದಿಲ್ಲ. ಗೆದ್ದ ಓಟವನ್ನು ಒಂದು ಹೆಜ್ಜೆಯ ತಪ್ಪಿನಿಂದ ಕಳೆದುಕೊಂಡವರು ಮುಂದಿನ ಬಾರಿ ಅದೇ ತಿರುವಿಗೆ ಬಂದಾಗ ಏನನ್ನು ನೆನೆಯುತ್ತಾರೆ ಎಂಬುದು ಊಹೆಗೆ ನಿಲುಕುವಂಥದ್ದೇ. ಶೈನಿ ಓಟ ಬಿಡಲಿಲ್ಲ. ಮದುವೆಯಾಗಿ, ತಾಯಿಯಾಗಿ ಮತ್ತೆ ಓಟಪಥಕ್ಕೆ ಬಂದರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಭಾರತದ ಧ್ವಜ ಹಿಡಿದು ನಡೆದ ಮೊದಲ ಮಹಿಳೆಯಾದರು. ಅವರ ಅತ್ಯುತ್ತಮ ಓಟ ಬಂದದ್ದು ಅದಕ್ಕೂ ನಂತರ: 1995ರಲ್ಲಿ ಚೆನ್ನೈನ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ, ಮೂವತ್ತು ದಾಟಿದ ಮೇಲೆ, 1 ನಿಮಿಷ 59.85 ಸೆಕೆಂಡು. ಎರಡು ನಿಮಿಷದೊಳಗೆ 800 ಮೀಟರ್ ಓಡಿದ ಮೊದಲ ಭಾರತೀಯ ಮಹಿಳೆ ಅವರು. ಸಿಯೋಲ್‌ಗೂ ಚೆನ್ನೈಗೂ ನಡುವೆ ಒಂಬತ್ತು ವರ್ಷ.

ಮರಳುವಿಕೆಯ ಕಥೆಗಳನ್ನಷ್ಟೇ ಹೇಳಿದರೆ ಅದು ಅರ್ಧ ಇತಿಹಾಸ. ಶೈನಿ ಅವರ ದಾಖಲೆಯನ್ನು 2010ರಲ್ಲಿ ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲಿ 1 ನಿಮಿಷ 59.17 ಸೆಕೆಂಡು ಓಡಿ ಮುರಿದವರು ಕಣ್ಣೂರು ಜಿಲ್ಲೆಯ ಟಿಂಟು ಲೂಕಾ, ಉಷಾ ಅವರ ಶಿಷ್ಯೆ. ಆರಂಭದಿಂದಲೇ ಮುಂದೆ ನುಗ್ಗಿ ಓಡುವುದು ಅವರ ರೀತಿ. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ, 2015ರ ವುಹಾನ್ ಏಷ್ಯನ್ ಕೂಟದಲ್ಲಿ ಚಿನ್ನ. 2017ರಲ್ಲಿ ಭುವನೇಶ್ವರದಲ್ಲಿ ಪಟ್ಟ ಉಳಿಸಿಕೊಳ್ಳಲು ಇಳಿದಾಗ ಓಟವನ್ನೇ ಮುಗಿಸಲಾಗಲಿಲ್ಲ. ಹಳೆಯ ವೇಗ ಮತ್ತೆ ಬರಲಿಲ್ಲ. ಛಲ ಕಡಿಮೆಯಾದ್ದರಿಂದ ಹೀಗಾಯಿತು ಎಂದು ಹೇಳುವುದು ಅನ್ಯಾಯ. ಛಲವಿದ್ದವರೆಲ್ಲ ಮರಳುತ್ತಾರೆ ಎಂಬ ನೀತಿಪಾಠ ಮಕ್ಕಳ ಪುಸ್ತಕಕ್ಕೆ ಸರಿ; ದೇಹಕ್ಕೆ ಆ ಪಾಠ ಗೊತ್ತಿಲ್ಲ.

ಒಂದು ಗೇಣಿಗೂ ಕಡಿಮೆ

ಜಿನ್ಸನ್ ಜಾನ್ಸನ್ ಹುಟ್ಟಿದ್ದು 1991ರಲ್ಲಿ, ಕೋಯಿಕ್ಕೋಡ್ ಜಿಲ್ಲೆಯ ಚಕ್ಕಿಟ್ಟಪಾರ ಎಂಬ, ಪಶ್ಚಿಮಘಟ್ಟದ ತಪ್ಪಲಿನ ಊರಿನಲ್ಲಿ. ಉಷಾ ಅವರ ಪಯ್ಯೋಳಿಯೂ ಇದೇ ಜಿಲ್ಲೆಯದು. ಶ್ರೀರಾಮ್ ಸಿಂಗ್ ಅವರಂತೆಯೇ ಜಿನ್ಸನ್ ಕೂಡ ಸೈನ್ಯ ಸೇರಿದರು. ಅವರ ಓಟ ಹದಗೊಂಡದ್ದು ಅಲ್ಲಿಯೇ. 2015ರ ವುಹಾನ್ ಏಷ್ಯನ್ ಕೂಟದಲ್ಲಿ 800 ಮೀಟರ್ ಬೆಳ್ಳಿ ಗೆದ್ದಾಗ ಹೊರಗಿನವರ ಕಣ್ಣಿಗೆ ಬಿದ್ದರು.

ಮರುವರ್ಷ ಅವರ ಹಾದಿ ನಮ್ಮ ಬೆಂಗಳೂರಿನ ಮೂಲಕ ಹಾಯ್ದಿತು. ರಿಯೊ ಒಲಿಂಪಿಕ್ಸ್‌ಗೆ 800 ಮೀಟರಿನ ಅರ್ಹತೆಯ ಮಟ್ಟ 1 ನಿಮಿಷ 46.00 ಸೆಕೆಂಡು. 2016ರ ಜುಲೈನಲ್ಲಿ, ಗಡುವು ಮುಗಿಯುವ ಹೊತ್ತಿಗೆ, ಕಂಠೀರವ ಕ್ರೀಡಾಂಗಣದ ಓಟಪಥದಲ್ಲಿ ಜಿನ್ಸನ್ 1 ನಿಮಿಷ 45.98 ಸೆಕೆಂಡಿನಲ್ಲಿ ಓಡಿದರು. ಎರಡು ನೂರಾಂಶ ಸೆಕೆಂಡು, ಅಂದರೆ ಸುಮಾರು 15 ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ. ಎಂಟುನೂರು ಮೀಟರ್ ಓಡಿದ ಮೇಲೆ ಆ ಗೇಣು ಒಬ್ಬನನ್ನು ಒಲಿಂಪಿಯನ್ ಆಗಿಸಬಲ್ಲದು, ಇಲ್ಲವಾಗಿಸಲೂ ಬಲ್ಲದು. ಕಸ್ತೂರ್ಬಾ ರಸ್ತೆಯ ವಾಹನಗಳ ಸದ್ದಿನ ಪಕ್ಕದಲ್ಲೇ ಇಂಥದ್ದೊಂದು ನಡೆಯಿತೆಂಬುದು ಬೆಂಗಳೂರಿನ ಬಹುಪಾಲು ಮಂದಿಗೆ ತಿಳಿದಿರಲಿಕ್ಕಿಲ್ಲ. ರಿಯೊದಲ್ಲಿ ಅವರ ಓಟ ಮೊದಲ ಸುತ್ತಿನಲ್ಲೇ ಮುಗಿಯಿತು.

ಎರಡು ವರ್ಷಗಳ ನಂತರದ 2018 ಅವರ ವರ್ಷವಾಯಿತು. ಏಪ್ರಿಲ್‌ನಲ್ಲಿ ಗೋಲ್ಡ್ ಕೋಸ್ಟ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದ 1500 ಮೀಟರ್ ಅಂತಿಮ ಓಟದಲ್ಲಿ ಐದನೆಯವರಾಗಿ, 3 ನಿಮಿಷ 37.86 ಸೆಕೆಂಡಿನೊಂದಿಗೆ, 1995ರಿಂದ ಉಳಿದಿದ್ದ ಬಹಾದುರ್ ಪ್ರಸಾದ್ ಅವರ ದಾಖಲೆಯನ್ನು ಮುರಿದರು. ಜೂನ್‌ನಲ್ಲಿ ಗುವಾಹಟಿಯ ಆ ಎರಡು ಮೊಳ. ಆಗಸ್ಟ್‌ನಲ್ಲಿ ಜಕಾರ್ತ.

ಜಕಾರ್ತ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಅಂತಿಮ ಓಟ ಆಗಸ್ಟ್ 28ರಂದು. ರಾಷ್ಟ್ರೀಯ ದಾಖಲೆ ಕೈಯಲ್ಲಿದ್ದ ಜಿನ್ಸನ್ ಮೇಲೆ ಎಲ್ಲರ ನಿರೀಕ್ಷೆ. ಕೊನೆಯ ನೂರು ಮೀಟರಿನವರೆಗೂ ಹಿಂದೆ ಉಳಿದಿದ್ದ ಇನ್ನೊಬ್ಬ ಭಾರತೀಯ, ಹರಿಯಾಣದ ಮಂಜಿತ್ ಸಿಂಗ್, ಒಬ್ಬೊಬ್ಬರನ್ನೇ ದಾಟುತ್ತ ಬಂದು 1 ನಿಮಿಷ 46.15 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಜಿನ್ಸನ್ 0.20 ಸೆಕೆಂಡು ಹಿಂದೆ, ಬೆಳ್ಳಿ. ಗುತ್ತಿಗೆಯ ಕೆಲಸ ಮುಂದುವರಿಯದೆ ಕೈಯಲ್ಲಿ ಉದ್ಯೋಗವೇ ಇಲ್ಲದಿದ್ದ ಮಂಜಿತ್, ಬೊರೊಮಿಯೊ ನಂತರ ಈ ಚಿನ್ನ ತಂದ ಮೊದಲಿಗರು. ಅವರದು ಬೇರೆಯೇ ಒಂದು ಖಾಲಿ ಜಾಗದ ಕಥೆ.

ಎರಡು ದಿನದ ಬಳಿಕ 1500 ಮೀಟರ್. ತನ್ನದೆಂದು ತಿಳಿದಿದ್ದ ಚಿನ್ನವನ್ನು ಕೈಬಿಟ್ಟ ಮೇಲೆ, ಸುತ್ತಿನ ಓಟಗಳ ದಣಿವು ಕಾಲಿನಲ್ಲಿರುವಾಗಲೇ ಜಿನ್ಸನ್ ಮತ್ತೆ ಗೆರೆಯ ಮೇಲೆ ನಿಂತರು. ಈ ಬಾರಿ 3 ನಿಮಿಷ 44.72 ಸೆಕೆಂಡಿನೊಂದಿಗೆ ಚಿನ್ನ. ಏಷ್ಯನ್ ಕ್ರೀಡಾಕೂಟದಲ್ಲಿ ಪುರುಷರ 1500 ಮೀಟರ್ ಚಿನ್ನ ಭಾರತಕ್ಕೆ 1962ರ ನಂತರ ಬಂದದ್ದು ಇದೇ ಮೊದಲು. ಅದೂ ಜಕಾರ್ತದಲ್ಲೇ ಬಂದಿತ್ತು. ಆ ವರ್ಷ ಅವರಿಗೆ ಅರ್ಜುನ ಪ್ರಶಸ್ತಿ ದೊರೆಯಿತು.

ಹಿಮ್ಮಡಿ

ಪುರಾಣದಂತಿದ್ದರೆ ಕಥೆ ಇಲ್ಲಿ ಮುಗಿಯಬೇಕಿತ್ತು. 2019ರ ಏಪ್ರಿಲ್‌ನಲ್ಲಿ ದೋಹಾದ ಏಷ್ಯನ್ ಕೂಟದಲ್ಲಿ ಮೀನಖಂಡದ ನೋವಿನಿಂದ ಜಿನ್ಸನ್‌ಗೆ 800 ಮೀಟರ್ ಓಟವನ್ನು ಪೂರ್ಣಗೊಳಿಸಲಾಗಲಿಲ್ಲ. ಆದರೂ ಜೂನ್‌ನಲ್ಲಿ ನೆದರ್ಲೆಂಡ್ಸ್‌ನ ನೈಮೆಗನ್‌ನಲ್ಲಿ 1500 ಮೀಟರನ್ನು 3 ನಿಮಿಷ 37.62ಕ್ಕೆ ಇಳಿಸಿದರು. ಸೆಪ್ಟೆಂಬರ್ 1ರಂದು ಬರ್ಲಿನ್‌ನಲ್ಲಿ 3 ನಿಮಿಷ 35.24. ಐದು ತಿಂಗಳೊಳಗೆ ಡಿಎನ್‌ಎಫ್‌ನಿಂದ ಬದುಕಿನ ಅತ್ಯುತ್ತಮ ಓಟಕ್ಕೆ ಬಂದಿದ್ದರು. ಆ ಓಟದಿಂದ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ಗೆ ಅರ್ಹತೆ ಸಿಕ್ಕಿತು. ಅಲ್ಲಿ ಮೊದಲ ಸುತ್ತು ದಾಟಲಿಲ್ಲ. ಟೋಕಿಯೊ ಒಲಿಂಪಿಕ್ಸ್ ಗುರಿಯಾಗಿಟ್ಟುಕೊಂಡು ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ, ಗಾಳಿ ತೆಳುವಾಗಿರುವ ಎತ್ತರದ ಊರಿಗೆ, ಅಭ್ಯಾಸಕ್ಕೆಂದು ಹೋದರು. ಅಲ್ಲಿ ಅಕಿಲಿಸ್ ಸ್ನಾಯುರಜ್ಜು ಗಾಯಗೊಂಡಿತು.

ಈ ಸ್ನಾಯುರಜ್ಜುವಿನ ಪರಿಚಯ ನನಗೂ ಇದೆ, ಆದರೆ ಕೀರ್ತಿಯ ದಾರಿಯಿಂದ ಬಂದದ್ದಲ್ಲ. ನಲವತ್ತು ದಾಟಿದ ಉತ್ಸಾಹದಲ್ಲಿ ಕಳಕೂಟ್ಟಂ ಕಡೆಯ ರಸ್ತೆಯಲ್ಲಿ ಬೆಳಗಿನ ಹೊತ್ತು ಓಡಲು ಆರಂಭಿಸಿದ ನಾಲ್ಕೇ ತಿಂಗಳಿಗೆ ಎಡಗಾಲಿನ ಹಿಮ್ಮಡಿಯ ಮೇಲೆ ನೋವು ಕಾಣಿಸಿಕೊಂಡಿತು. ಬೆಳಿಗ್ಗೆ ಹಾಸಿಗೆಯಿಂದ ಇಳಿದರೆ ಮೊದಲ ಹತ್ತು ಹೆಜ್ಜೆ ಕುಂಟುತ್ತಲೇ ಇಡಬೇಕು. ದೇಹದ ಅತ್ಯಂತ ದಪ್ಪನೆಯ, ಬಲಿಷ್ಠವಾದ ಸ್ನಾಯುರಜ್ಜು ಅದು ಎಂದು ಫಿಸಿಯೋಥೆರಪಿಸ್ಟ್ ತಿಳಿಸಿದರು. ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಮೂಳೆಗೆ ಕಟ್ಟುವ ಹಗ್ಗ ಅದು. ಓಡುವಾಗ ದೇಹತೂಕದ ಆರರಿಂದ ಎಂಟು ಪಟ್ಟು ಭಾರ ಅದರ ಮೇಲೆ ಬೀಳುತ್ತದೆ. ಆದರೆ ಹಿಮ್ಮಡಿಯಿಂದ ಎರಡು ಮೂರು ಬೆರಳು ಮೇಲಿನ ಭಾಗಕ್ಕೆ ರಕ್ತದ ಹರಿವು ಕಡಿಮೆ. ಹಾಗಾಗಿ ಗಾಯವಾದರೆ ಮಾಯುವುದು ಬಹಳ ನಿಧಾನ.

ಚಿಕಿತ್ಸೆ ಎಂದರೆ ಮೆಟ್ಟಿಲ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು, ನೋವಿರುವ ಹಿಮ್ಮಡಿಯನ್ನು ಮೆಲ್ಲಗೆ ಕೆಳಗಿಳಿಸುವುದು. ಹದಿನೈದರಂತೆ ಮೂರು ಸುತ್ತು ಮೊಣಕಾಲು ನೇರವಾಗಿಟ್ಟು, ಮೂರು ಸುತ್ತು ತುಸು ಬಗ್ಗಿಸಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ದಿನಕ್ಕೆ 180 ಬಾರಿ. ಹನ್ನೆರಡು ವಾರ. ಒಟ್ಟು 15,120 ಬಾರಿ. ಕ್ವಾರ್ಟರ್ಸಿನ ಮೆಟ್ಟಿಲಲ್ಲಿ ನಿಂತು ಏಳುತ್ತ ಇಳಿಯುತ್ತ ಎಣಿಸುತ್ತಿದ್ದ ನನ್ನನ್ನು ನೋಡಿ ನೆರೆಯವರು ಇದು ಯಾವ ಹರಕೆ ಎಂದು ಕೇಳಿದ್ದೂ ಉಂಟು.

ಈ ಕ್ರಮದ ಇತಿಹಾಸವೇ ಸ್ವಾರಸ್ಯದ್ದು. ಸ್ವೀಡನ್ನಿನ ಉತ್ತರದ ಉಮಿಯೊ ನಗರದ ಮೂಳೆ ಶಸ್ತ್ರವೈದ್ಯ ಹೋಕನ್ ಆಲ್ಫ್ರೆಡ್‌ಸನ್ ಅವರಿಗೇ ಈ ನೋವಿತ್ತು. ಶಸ್ತ್ರಚಿಕಿತ್ಸೆ ಮಾಡಿರೆಂದು ಮೇಲಿನವರನ್ನು ಕೇಳಿದರು, ಅವರು ಒಪ್ಪಲಿಲ್ಲ. ಹಾಗಾದರೆ ಸ್ನಾಯುರಜ್ಜು ಹರಿದೇ ಹೋಗಲಿ, ಆಗ ಒಪ್ಪಲೇಬೇಕಾಗುತ್ತದೆ ಎಂದು ಹಟದಿಂದ ನೋಯುವ ಕಾಲಿನ ಮೇಲೇ ಭಾರ ಹೇರಿ ಹಿಮ್ಮಡಿ ಇಳಿಸುವ ಅಭ್ಯಾಸಕ್ಕೆ ತೊಡಗಿದರು. ಹರಿಯುವ ಬದಲು ಅದು ವಾಸಿಯಾಯಿತು. 1998ರಲ್ಲಿ ಅವರು ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕ್ರಮವನ್ನು ಅನುಸರಿಸಿದ 15 ಮಂದಿ ಹವ್ಯಾಸಿ ಓಟಗಾರರು ಹನ್ನೆರಡು ವಾರಗಳಲ್ಲಿ ಮತ್ತೆ ಓಡತೊಡಗಿದ್ದರು. ಪೂರ್ಣ ವಿಶ್ರಾಂತಿಯಿಂದ ಸ್ನಾಯುರಜ್ಜು ಇನ್ನಷ್ಟು ದುರ್ಬಲವಾಗುತ್ತದೆ, ಅಳತೆಯ ಭಾರ ಬಿದ್ದರೆ ಮಾತ್ರ ಅದು ಗಟ್ಟಿಯಾಗುತ್ತದೆ ಎಂಬುದು ಇಂದು ಎಲ್ಲೆಡೆ ಒಪ್ಪಿತವಾದ ಮಾತು.

ಅಳತೆಯ ಭಾರ ಎಂಬಲ್ಲಿಯೇ ಅನುಮಾನ ಹುಟ್ಟುವುದು. ಇಂದಿನ ನೋವು ಮಾಯುತ್ತಿರುವ ನೋವೋ, ಹರಿಯುತ್ತಿರುವ ನೋವೋ? ಕಾಲು ಸುಮ್ಮನಿದ್ದ ದಿನ ನಿಜವಾಗಿ ವಾಸಿಯಾಗಿದೆಯೋ, ನಾಳೆಗೆ ಸೇಡಿಟ್ಟುಕೊಂಡಿದೆಯೋ? ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಸೂತ್ರ ಸರಳವಾದದ್ದು: ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ನೋವು ನಿನ್ನೆಯಷ್ಟೇ ಇದ್ದರೆ ಮುಂದುವರಿಯಬೇಕು, ಹೆಚ್ಚಿದ್ದರೆ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಅಂದರೆ ಅನುಮಾನವನ್ನು ಗೆಲ್ಲಬೇಕಾಗಿಲ್ಲ, ದಿನವೂ ಅದನ್ನು ಕೇಳಬೇಕು. ಅದು ಹೇಳಿದ್ದನ್ನು ಅಳತೆಗೋಲಾಗಿ ಬಳಸಬೇಕು. ಪೂರ್ತಿ ನಂಬಿದರೆ ಹಾಸಿಗೆ ಬಿಡುವಂತಿಲ್ಲ, ಪೂರ್ತಿ ಅಲಕ್ಷಿಸಿದರೆ ಹಗ್ಗ ಹರಿಯುತ್ತದೆ. ನನ್ನಂಥ ಬೆಳಗಿನ ಓಟಗಾರನಿಗೆ ಇದರಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಓಟವೇ ಬದುಕಾದವನಿಗೆ, ಒಲಿಂಪಿಕ್ಸ್‌ನ ದಿನಾಂಕ ಎದುರಿಗಿರುವವನಿಗೆ, ಪ್ರತಿ ಬೆಳಗಿನ ಮೊದಲ ಹತ್ತು ಹೆಜ್ಜೆಯೂ ಒಂದು ತೀರ್ಪು.

ಮಧ್ಯಮ ದೂರದ ಓಟದ ಇತಿಹಾಸದಲ್ಲಿ ಈ ಕತ್ತಲೆಯನ್ನು ಮುಚ್ಚಿಡದೆ ಹೇಳಿದವರು ಬ್ರಿಟನ್ನಿನ ಕೆಲ್ಲಿ ಹೋಮ್ಸ್. ಅವರೂ ಸೈನ್ಯದಲ್ಲಿದ್ದವರು. 1996ರ ಅಟ್ಲಾಂಟಾದಲ್ಲಿ ಮೂಳೆಯ ಸೀಳಿನ ನೋವಿನೊಂದಿಗೇ ಓಡಿ 800 ಮೀಟರಿನಲ್ಲಿ ನಾಲ್ಕನೆಯವರಾದರು. 1997ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಅಥೆನ್ಸ್‌ನಲ್ಲಿ, ಅಕಿಲಿಸ್ ಸ್ನಾಯುರಜ್ಜು ಕೈಕೊಟ್ಟಿತು. ಗಾಯಗಳ ಮೇಲೆ ಗಾಯಗಳಾಗಿ 2003ರಲ್ಲಿ, ಫ್ರಾನ್ಸಿನ ಪರ್ವತ ಶಿಬಿರವೊಂದರಲ್ಲಿ, ತನ್ನ ದೇಹವನ್ನು ತಾನೇ ಗಾಯಗೊಳಿಸಿಕೊಳ್ಳುವಷ್ಟು ಮನಸ್ಸು ಕುಸಿದಿತ್ತು ಎಂದು ಅವರೇ ನಂತರ ಬಹಿರಂಗವಾಗಿ ಹೇಳಿಕೊಂಡರು. ಮರುವರ್ಷ ಅದೇ ಅಥೆನ್ಸ್ ನಗರದಲ್ಲಿ, 34ನೆಯ ವಯಸ್ಸಿನಲ್ಲಿ, ಐದು ದಿನಗಳ ಅಂತರದಲ್ಲಿ 800 ಮತ್ತು 1500 ಮೀಟರುಗಳೆರಡರಲ್ಲೂ ಒಲಿಂಪಿಕ್ಸ್ ಚಿನ್ನ ಗೆದ್ದರು. ಚಿನ್ನ ಗೆದ್ದದ್ದರಿಂದ ಆ ಕತ್ತಲೆ ಸುಳ್ಳಾಗುವುದಿಲ್ಲ. ಗೆದ್ದವರೂ ಅದರ ಒಳಗಿಂದಲೇ ಬಂದರು ಎಂದು ತಿಳಿಯುವುದು ಮಾತ್ರ ಅದರೊಳಗೆ ಕೂತಿರುವ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುತ್ತದೆ.

ಚಿನ್ನಕ್ಕಿಂತ ವೇಗದ ಕಂಚು

ಜಿನ್ಸನ್‌ಗೆ ಗಾಯವೊಂದೇ ಆಗಿದ್ದರೆ ಲೆಕ್ಕ ಸುಲಭವಿರುತ್ತಿತ್ತು. 2020ರಲ್ಲಿ ಕೋವಿಡ್ ಬಂದು ಜಗತ್ತೇ ಬಾಗಿಲು ಹಾಕಿತು. ಒಲಿಂಪಿಕ್ಸ್ ಒಂದು ವರ್ಷ ಮುಂದೆ ಹೋಯಿತು. ಗಾಯಗೊಂಡವನಿಗೆ ಅದು ವರದಂತೆ ಕಂಡಿರಬೇಕು. ಆದರೆ 2021ರಲ್ಲಿ ಅದೇ ಕೋವಿಡ್ ಅವರಿಗೂ ತಗಲಿತು. ಸ್ನಾಯುರಜ್ಜುವಿನ ಬಳಿಕ ಶ್ವಾಸಕೋಶದ ಸರದಿ. ಮಧ್ಯಮ ದೂರದ ಓಟಕ್ಕೆ ಬೇಕಾದ ಎರಡೂ ಬಂಡವಾಳಗಳಿಗೆ ಪೆಟ್ಟು ಬಿತ್ತು. ಟೋಕಿಯೊ ಕೈತಪ್ಪಿತು. 1500 ಮೀಟರಿನ ರಾಷ್ಟ್ರೀಯ ದಾಖಲೆ ಅವರ ಹೆಸರಿನಲ್ಲೇ ಇತ್ತು. ಅವರು ಮಾತ್ರ ಒಲಿಂಪಿಕ್ಸ್‌ನ ಪಟ್ಟಿಯಲ್ಲಿರಲಿಲ್ಲ. ಅಷ್ಟರಲ್ಲಿ ವಯಸ್ಸು ಮೂವತ್ತಾಗಿತ್ತು.

2023ರ ಅಕ್ಟೋಬರ್ 1, ಚೀನಾದ ಹಾಂಗ್‌ಝೌ. ಒಂದು ವರ್ಷ ತಡವಾಗಿ ನಡೆದ ಏಷ್ಯನ್ ಕ್ರೀಡಾಕೂಟದ 1500 ಮೀಟರ್ ಅಂತಿಮ ಓಟ. ಕತಾರಿನ ಓಟಗಾರನಿಗೆ ಚಿನ್ನ, ಉತ್ತರ ಪ್ರದೇಶದ ಅಜಯ್ ಕುಮಾರ್ ಸರೋಜ್‌ಗೆ ಬೆಳ್ಳಿ. ಅವರ ಹಿಂದೆಯೇ, 3 ನಿಮಿಷ 39.74 ಸೆಕೆಂಡಿಗೆ, 32 ವರ್ಷದ ಜಿನ್ಸನ್ ಜಾನ್ಸನ್. ಕಂಚು.

ಈ ಸಂಖ್ಯೆಯನ್ನು ಎರಡು ಬಗೆಯಲ್ಲಿ ಓದಬಹುದು. ಬರ್ಲಿನ್‌ನ 3:35.24ರ ಪಕ್ಕದಲ್ಲಿಟ್ಟರೆ ನಾಲ್ಕೂವರೆ ಸೆಕೆಂಡು ನಿಧಾನ. ನಾಲ್ಕು ವರ್ಷ ಹಿಂದಿನ ಜಿನ್ಸನ್ ಅಂದು ಪಕ್ಕದಲ್ಲಿ ಓಡಿದ್ದರೆ ಸುಮಾರು ಮೂವತ್ತು ಮೀಟರ್ ಮುಂದೆ ಹೋಗಿರುತ್ತಿದ್ದರು. ಗಾಯದ ನಂತರ ಮರಳಿದವನು ಹೋದವನೇ ಅಲ್ಲ ಎಂಬ ಕಹಿಸತ್ಯ ಅಲ್ಲಿದೆ. ಜಕಾರ್ತದ 3:44.72ರ ಪಕ್ಕದಲ್ಲಿಟ್ಟು ನೋಡಿದರೆ ಬೇರೆಯದು ಕಾಣುತ್ತದೆ: ಹಾಂಗ್‌ಝೌದ ಕಂಚು ಜಕಾರ್ತದ ಚಿನ್ನಕ್ಕಿಂತ ಸುಮಾರು ಐದು ಸೆಕೆಂಡು ವೇಗದ್ದು. ಪದಕದ ಓಟಗಳಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಕಾಯುತ್ತ ಓಡುವುದರಿಂದ ಕಾಲದ ಹೋಲಿಕೆಗೆ ಮಿತಿಯಿದೆ, ನಿಜ. ಆದರೂ ಹಿಮ್ಮಡಿಯ ಗಾಯ, ಶ್ವಾಸಕೋಶದ ಸೋಂಕು, ಐದು ವರ್ಷದ ವಯಸ್ಸು ಇಷ್ಟನ್ನೂ ಹೊತ್ತು ಬಂದವನು ತನ್ನ ಚಿನ್ನದ ದಿನಕ್ಕಿಂತ ವೇಗವಾಗಿ ಓಡಿ ಮೂರನೆಯವನಾದ ಎಂಬುದು ಪದಕದ ಬಣ್ಣವಷ್ಟನ್ನೇ ನೋಡುವವರಿಗೆ ತಿಳಿಯುವುದಿಲ್ಲ.

ಆ ಕಂಚಿನ ಬೆಲೆ ತಿಳಿಯಬೇಕಾದರೆ 2019ರಿಂದ 2023ರವರೆಗಿನ ಖಾಲಿ ಜಾಗವನ್ನೂ ಓದಬೇಕು. ಅಲ್ಲಿ ಚಪ್ಪಾಳೆಯಿಲ್ಲ, ಎದುರಾಳಿಯೂ ಇಲ್ಲ. ಎದುರಾಳಿಯಿಲ್ಲದ ಓಟದಲ್ಲಿ ಹಿಂದೆ ಬಿದ್ದೆನೆಂದೂ ಮುಂದೆ ಬಂದೆನೆಂದೂ ಯಾರೂ ಹೇಳುವುದಿಲ್ಲ. ಶೈನಿ ಅವರ ಒಂಬತ್ತು ವರ್ಷ, ಹೋಮ್ಸ್ ಅವರ ಏಳು ವರ್ಷ, ಜಿನ್ಸನ್ ಅವರ ನಾಲ್ಕು ವರ್ಷ. ಇವುಗಳನ್ನು ಬಿಟ್ಟು ಬರೆದ ಓಟದ ಇತಿಹಾಸದಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗಿರುತ್ತದೆ.

ಗುವಾಹಟಿಯ ದಾಖಲೆಯೂ ಈಗ ಹಳತಾಗಿದೆ. 2025ರ ಮೇ ತಿಂಗಳಲ್ಲಿ ದುಬೈಯಲ್ಲಿ ಕೇರಳದವರೇ ಆದ ಮುಹಮ್ಮದ್ ಅಫ್ಸಲ್ 800 ಮೀಟರನ್ನು 1 ನಿಮಿಷ 45.61 ಸೆಕೆಂಡಿನಲ್ಲಿ ಓಡಿದರು. ಈ ಬಾರಿ ಮುನ್ನಡೆ 0.04 ಸೆಕೆಂಡು, ಒಂದು ಗೇಣಿಗಿಂತ ತುಸು ಹೆಚ್ಚು. ಎರಡು ಮೊಳಕ್ಕೆ 42 ವರ್ಷ ಹಿಡಿದಿತ್ತು. ಈ ಗೇಣಿಗೆ ಏಳು ವರ್ಷ ಸಾಕಾಯಿತು.

ಓಟಗಾರನ ಸೋಲಿಗೆ ಕಡತವಿಲ್ಲ ಎಂದು ಆರಂಭದಲ್ಲಿ ಸೂಚಿಸಿದೆ. ಅದು ಪೂರ್ತಿ ನಿಜವಲ್ಲ. ತುಂಬದಿಂದ ಕೆಲವೇ ಕಿಲೋಮೀಟರ್ ದೂರದ ಕಾರ್ಯವಟ್ಟಂನಲ್ಲಿ 1985ರಲ್ಲಿ ಆರಂಭವಾದ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಕಾಲೇಜಿದೆ. ಒಂದು ಬೆಳಿಗ್ಗೆ ಆ ಕಡೆ ಹೋಗಿದ್ದಾಗ ಓಟಪಥದ ಒಳಗಿನ ಹುಲ್ಲಿನ ಮೇಲೆ ಹುಡುಗಿಯೊಬ್ಬಳು ಒಬ್ಬಳೇ ಓಡುತ್ತಿದ್ದಳು. ಹಿಮ್ಮಡಿಯ ಮೇಲೆ ನೀಲಿ ಪಟ್ಟಿ ಅಂಟಿಸಿಕೊಂಡಿದ್ದಳು. ಓಟವೆಂದರೆ ಓಟವಲ್ಲ, ಐವತ್ತು ಮೀಟರ್ ಮೆಲ್ಲಗೆ ಓಡುವುದು, ಐವತ್ತು ಮೀಟರ್ ನಡೆಯುವುದು. ಕೆಂಪು ಪಥದ ಮೇಲೆ ಅವಳ ಓರಗೆಯವರು ಧೂಳೆಬ್ಬಿಸಿದಂತೆ ಹಾದುಹೋಗುತ್ತಿದ್ದರು. ಅವಳು ವೇಗ ಹೆಚ್ಚಿಸಿದಾಗಲೆಲ್ಲ ಅಂಚಿನಲ್ಲಿ ಕೂತಿದ್ದ ತರಬೇತುದಾರರು "ಪದುಕ್ಕೆ, ಪದುಕ್ಕೆ" ಎನ್ನುತ್ತಿದ್ದರು. ನಿಧಾನ ಎಂಬುದಕ್ಕೆ ಮಲಯಾಳದ ಮಾತು. ಅವರ ಕೊರಳಲ್ಲಿ ಸ್ಟಾಪ್‌ವಾಚ್ ಇತ್ತು, ಅದನ್ನು ಒತ್ತುತ್ತಿರಲಿಲ್ಲ. ಹುಡುಗಿ ಬಂದು ಪಕ್ಕದಲ್ಲಿ ಕೂತು ಚೀಲದಿಂದ ಉದ್ದನೆಯ ರೂಲು ಪುಸ್ತಕವೊಂದನ್ನು ತೆಗೆದಳು. ದಿನಾಂಕ ಬರೆದಳು. ಎಷ್ಟು ಬಾರಿ ಓಡಿದೆ, ಎಷ್ಟು ನಡೆದೆ, ನೋವು ಎಷ್ಟಿತ್ತು ಎಂದು ಒಂದೊಂದೇ ಸಾಲು ತುಂಬಿಸಿ ಅವರ ಕೈಗೆ ಕೊಟ್ಟಳು. ಅವರು ಓದಿ, ಕೆಳಗೆ ಸಹಿ ಹಾಕಿ ಹಿಂದಿರುಗಿಸಿದರು.